ತುಟಿಗೆ ಕೂರುವ ಮಾತು

ಮಾರ್ಚ್ ೩, ಸೋಮವಾರ

ವಾರಪತ್ರಿಕೆಗೆ ಕಳಿಸಿದ ಕತೆ ವಾಪಸ್ಸು ಬಂತು. ಬಂದರೆ ಬರಲಿ. ಆದರೆ ಸಂಪಾದಕರು ಸುಮ್ಮನೆ ವಾಪಸ್ಸು ಕಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಫೋನು ಮಾಡಿ ಬುದ್ಧಿ ಹೇಳಬೇಕಿತ್ತೇ?

"ನಿಮ್ಮ ಕತೇಲಿ ಎಲ್ಲರೂ ತುಂಬಾ ಚೆನ್ನಾಗಿ ಮಾತಾಡ್ತಾರೆ. ಅದೇ ತೊಂದರೆ" ಅಂದರು. ಗಂಡ, ಹೆಂಡತಿ, ಕಳ್ಳ, ಪೊಲೀಸು, ಎಲ್ಲರ ಮಾತೂ ಒಂದೇ ಅಳತೆಗೆ ಕತ್ತರಿಸಿದ ಹಾಗಿದೆಯಂತೆ. ಯಾರೂ ತಡವರಿಸುವುದಿಲ್ಲವಂತೆ. ಯಾರೂ ಅರ್ಧಕ್ಕೆ ನಿಲ್ಲುವುದಿಲ್ಲವಂತೆ.

ಅಳತೆಗೆ ಕತ್ತರಿಸುವುದೇ ನನ್ನ ಕಸುಬು ಸ್ವಾಮಿ, ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಪರದೇಶದ ಧಾರಾವಾಹಿಗಳಿಗೆ ನಮ್ಮ ಭಾಷೆಯ ಮಾತು ಬರೆದುಕೊಡುವ ಡಬ್ಬಿಂಗ್ ಸ್ಟುಡಿಯೋದಲ್ಲಿ ನಾನು ಕೂದಲು ಹಣ್ಣು ಮಾಡಿಕೊಂಡಿದ್ದೇನೆ. ಪರದೆಯ ಮೇಲಿನ ಹೆಂಗಸು ತುಟಿ ಮುಚ್ಚಿದಲ್ಲಿ ನನ್ನ ಮಾತಿನಲ್ಲೂ ಪ, ಬ, ಮ ಬೀಳಬೇಕು. ಅವಳ ಬಾಯಿ ಆಡುವಷ್ಟು ಹೊತ್ತೂ ಮಾತಿರಬೇಕು, ನಿಂತ ಮೇಲೆ ಒಂದಕ್ಷರವೂ ಮಿಕ್ಕಬಾರದು. ಅವಳು ನಿಜವಾಗಿ ಏನಂದಳು ಎನ್ನುವುದು ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ತುಟಿಗೆ ಕೂರದಿದ್ದರೆ ನಡೆಯುವುದಿಲ್ಲ. ನಾನು ಬರೆದದ್ದು ಕೂರುತ್ತದೆ. ಧ್ವನಿ ಕೊಡುವ ಕಲಾವಿದರು ನನ್ನ ಹಾಳೆ ಬಂದರೆ ಖುಷಿಪಡುತ್ತಾರೆ. ಸಂಪಾದಕರಿಗೆ ಮಾತ್ರ ಅದು ರೋಗದ ಹಾಗೆ ಕಂಡಿದೆ.

ಬೇಸಿಗೆಯ ವಿಶೇಷ ಸಂಚಿಕೆಗೆ ಇನ್ನೊಂದು ಬರೆದು ಕಳಿಸಿ ಎಂದಿದ್ದಾರೆ. ಕಳಿಸುತ್ತೇನೆ. ಓದಿ ತಲೆ ತಗ್ಗಿಸಬೇಕು, ಹಾಗೆ ಬರೆದು ಕಳಿಸುತ್ತೇನೆ.

ಮಾರ್ಚ್ ೫, ಬುಧವಾರ

ಅಪ್ಪನಿಗೆ ಲಕ್ವ ಹೊಡೆದು ಚಳಿಗಾಲ ಕಳೆಯಿತು. ಬಲಗೈ ಸ್ವಲ್ಪ ಸುಧಾರಿಸಿದೆ. ಕೋಲು ಹಿಡಿದು ಬಚ್ಚಲಿಗೆ ಹೋಗಿಬರುತ್ತಾರೆ. ಮಾತು ಮಾತ್ರ ಹೋಗಿದ್ದು ಬರಲಿಲ್ಲ. ಎಲ್ಲ ಅರ್ಥವಾಗುತ್ತದೆ, ಹೇಳಲು ಹೊರಟರೆ ಪದ ಸಿಕ್ಕುವುದಿಲ್ಲ. ವಿಚಿತ್ರವೆಂದರೆ ಬೈಗುಳ ಮಾತ್ರ ಅಚ್ಚುಕಟ್ಟಾಗಿ ಉಳಿದಿದೆ. ಗೋದಾಮಿನಲ್ಲಿ ಕ್ರೇನ್ ನಡೆಸುತ್ತಿದ್ದ ಮನುಷ್ಯ, ಕೇಳಬೇಕೆ! ಮಿದುಳಿನಲ್ಲಿ ಬೈಗುಳದ ಕೋಣೆಯೇ ಬೇರೆ ಇರುತ್ತದಂತೆ.

ಎದುರುಮನೆಯ ಟೀಚರಮ್ಮ ನೋಡಲು ಬಂದಿದ್ದರು. ಊಟ ಆಯ್ತಾ ಎಂದು ಕೇಳಿದರು. ಅಪ್ಪ ತುಟಿ ಅಲ್ಲಾಡಿಸಿ ಅಲ್ಲಾಡಿಸಿ ಕೊನೆಗೆ ಗೋದಾಮಿನ ಒಂದು ಪದ ಎಸೆದರು. ಟೀಚರಮ್ಮನ ಕಣ್ಣು ದೊಡ್ಡದಾಗುವ ಮೊದಲೇ ನಾನು, "ಹಾಳಾದ್ದು ಹಸಿವೇ ಆಗಲ್ಲ ಅಂತಿದ್ದಾರೆ" ಅಂದೆ. ಟಿ.ವಿ. ಚಾನೆಲ್ಲಿನವರು ಒಪ್ಪುವ ಬೈಗುಳ ಅದೊಂದೇ, ಅಭ್ಯಾಸವಾಗಿದೆ. "ಎಷ್ಟು ಚೆನ್ನಾಗಿ ಅರ್ಥ ಮಾಡ್ಕೋತೀಯಮ್ಮ" ಎಂದು ಟೀಚರಮ್ಮ ಬೆನ್ನು ಸವರಿದರು. ಎಲ್ಲರೂ ಹಾಗೇ ಅನ್ನುತ್ತಾರೆ. ಬಾಯಿ ನೋಡಿ ಮಾತು ಕೂರಿಸುವುದು ನನಗೆ ಹೊಸದಲ್ಲವಲ್ಲ.

ಸಂಜೆ ಅಣ್ಣನ ಫೋನು. ಮತ್ತದೇ ರಾಗ. ಅವನ ಮನೆ ನೆಲಮಹಡಿಯಲ್ಲಿದೆ, ಅಂಗಳವಿದೆ, ಅತ್ತಿಗೆ ಇಡೀ ದಿನ ಮನೆಯಲ್ಲಿರುತ್ತಾಳೆ. ಇಲ್ಲಿ ಲಿಫ್ಟಿಲ್ಲದ ಮೂರನೇ ಮಹಡಿ, ಹಗಲೆಲ್ಲ ಅಪ್ಪನಿಗೆ ಕೂಲಿಯ ನರ್ಸೇ ಗತಿ. ಎಲ್ಲ ನಿಜವೇ. ಅಪ್ಪನನ್ನೇ ಕೇಳು ಅಂದ. ಫೋನು ಹಿಡಿದುಕೊಂಡೇ ಕೇಳಿದೆ. ಅಪ್ಪನ ತುಟಿ ಎರಡು ಸಲ ಸೇರಿ ಬಿಟ್ಟಿತು. "ಎಲ್ಲೂ ಬರಲ್ಲ ಅಂತಿದ್ದಾರೆ ಅಣ್ಣ" ಅಂದೆ.

ಅಪ್ಪ ಅಲ್ಲಿಗೆ ಹೋದರೆ ಈ ಮನೆಯಲ್ಲಿ ನಾನೊಬ್ಬಳೇ. ಮದುವೆ ಬೇಡವೆಂದಾಗಲೂ, ಕತೆ ಬರೆಯುತ್ತೇನೆಂದಾಗಲೂ ಒಂದು ಮಾತೂ ಆಡದೆ ಜೊತೆಗಿದ್ದದ್ದು ಈ ಮನುಷ್ಯ. ಬಿಟ್ಟುಕೊಡುವುದಿಲ್ಲ.

ಮಾರ್ಚ್ ೧೦, ಸೋಮವಾರ

ಮೈಯೆಲ್ಲ ಉರಿಯುತ್ತಿದೆ. ಅಪ್ಪನಿಗೆ ಮಾತು ಕಲಿಸುವ ಡಾಕ್ಟರಮ್ಮ ಇವತ್ತು ನನ್ನನ್ನು ಹೊರಗೆ ಕಳಿಸಿದರು. ತರಗತಿಯಿಂದ ಹೊರಗೆ ನಿಲ್ಲಿಸುತ್ತಾರಲ್ಲ, ಹಾಗೆ.

ಅವರು ಅಪ್ಪನಿಗೆ ಒಂದು ಚಿತ್ರ ತೋರಿಸಿ ಇದೇನು ಅಂದರು. ಕೊಡೆ. ಅಪ್ಪ "ಕ... ಕ..." ಅಂದರು. ಕೊಡೆ ಅಂತಿದ್ದಾರೆ, ಅಂದೆ. ಡಾಕ್ಟರಮ್ಮ ಇನ್ನೊಂದು ಚಿತ್ರ ಎತ್ತಿದರು. ಅದನ್ನೂ ನಾನೇ ಹೇಳಿದೆನಂತೆ. ಮೂರನೆಯದಕ್ಕೆ ಅವರು ಕಾರ್ಡುಗಳನ್ನು ಮೇಜಿನ ಮೇಲಿಟ್ಟು, "ಚಿಕಿತ್ಸೆ ಯಾರಿಗೆ ಮಾಡ್ತಿದ್ದೀನಿ ಅಂತ ನನಗೇ ಗೊತ್ತಾಗ್ತಿಲ್ಲ. ನೀವು ಸ್ವಲ್ಪ ಹೊರಗೆ ಕೂತಿರಿ" ಅಂದರು. ನನಗಿಂತ ಚಿಕ್ಕವಳು.

ಹೊರಡುವಾಗ ಇನ್ನೊಂದು ಬುದ್ಧಿವಾದ. ಮನೆಯಲ್ಲಿ ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು, ಎಷ್ಟು ಹೊತ್ತಾದರೂ ಸರಿ. ಪದ ಅವರೇ ಹುಡುಕಿಕೊಳ್ಳಬೇಕು. ಹುಡುಕಾಟವೇ ಚಿಕಿತ್ಸೆಯಂತೆ.

ಅಪ್ಪ ಪದ ಹುಡುಕುವಾಗಿನ ಆ ಮುಖವನ್ನು ಇವರು ಒಂದು ಗಂಟೆ ನೋಡಿ ಮನೆಗೆ ಹೋಗುತ್ತಾರೆ. ನಾನು ದಿನವಿಡೀ ನೋಡಬೇಕು. ಕಷ್ಟಪಡುವವರಿಗೆ ಕೈ ಕೊಡುವುದೂ ತಪ್ಪಾಯಿತೇ?

ಮಾರ್ಚ್ ೧೭, ಸೋಮವಾರ

ಮತ್ತೆ ಹೊರಗಿನ ಬೆಂಚು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ, ಸಂಪಾದಕರ ಮೇಲಿನ ಸಿಟ್ಟೂ ಆರಿಲ್ಲ. ಸರಿ, ಜನ ನಿಜವಾಗಿ ಹೇಗೆ ಮಾತಾಡುತ್ತಾರೆ ನೋಡೇಬಿಡೋಣ ಎಂದು ಚೀಲದಿಂದ ಹಾಳೆ ತೆಗೆದು ಕೇಳಿದ್ದನ್ನೆಲ್ಲ ಗೀಚತೊಡಗಿದೆ.

ಪಕ್ಕದಲ್ಲಿ ಗಂಡ ಹೆಂಡತಿ. ಇಬ್ಬರಿಗೂ ವಯಸ್ಸಾಗಿದೆ. ಹೆಂಡತಿ ಆಗಷ್ಟೇ ಡಾಕ್ಟರ ಕೋಣೆಯಿಂದ ಹೊರಗೆ ಬಂದವಳು.

"ಏನಂದ್ರು?"

"ಈ ಚಪ್ಪಲಿ ಕಚ್ತಾ ಇದೆ."

"ಡಾಕ್ಟರು ಏನಂದ್ರು ಅಂತ ಕೇಳಿದೆ."

"ಈಗ ಹೊರಟ್ರೆ ಬಸ್ಸಲ್ಲಿ ಸೀಟು ಸಿಗತ್ತೆ."

ಆತ ಬಗ್ಗಿ ಅವಳ ಚಪ್ಪಲಿಯ ಪಟ್ಟಿ ಸಡಿಲ ಮಾಡಿದ. ಇಬ್ಬರೂ ಎದ್ದು ಹೋದರು.

ಇದನ್ನು ನಾನು ಬರೆದಿದ್ದರೆ ಅವಳು "ನನಗೆ ಭಯ ಆಗ್ತಿದೆ" ಅನ್ನುತ್ತಿದ್ದಳು, ಅವನು "ನಾನಿದ್ದೀನಲ್ಲ" ಅನ್ನುತ್ತಿದ್ದ. ಎರಡೂ ತುಟಿಗೆ ಕೂರುತ್ತಿದ್ದವು. ಮನೆಗೆ ಬಂದು ನನ್ನ ಹಳೆಯ ಕತೆಗಳನ್ನೆಲ್ಲ ತೆಗೆದು ನೋಡಿದೆ. ಕೇಳಿದ ಪ್ರಶ್ನೆಗೆ ಉತ್ತರ ಕೊಡದವರು ಒಬ್ಬರಿಲ್ಲ. ಎಲ್ಲರೂ ಸಂದರ್ಶನಕ್ಕೆ ಬಂದವರ ಹಾಗೆ ಕೈಕಟ್ಟಿ ಉತ್ತರ ಕೊಡುತ್ತಿದ್ದಾರೆ.

ಸಂಪಾದಕರು ಸರಿ ಎಂದು ಇದರ ಅರ್ಥವಲ್ಲ.

ಮಾರ್ಚ್ ೧೯, ಬುಧವಾರ

ನರ್ಸ್ ರಜೆ. ಸ್ಟುಡಿಯೋಗೆ ರಜೆ. ಬರವಣಿಗೆಗೂ ರಜೆ.

ಮಾರ್ಚ್ ೨೧, ಶುಕ್ರವಾರ

ಸ್ಟುಡಿಯೋದಲ್ಲಿ ಜಗಳ. ಧಾರಾವಾಹಿಯ ತಾಯಿ ಬಾಗಿಲಲ್ಲಿ ನಿಂತು ಮಗನ ಮುಖ ನೋಡುತ್ತಾಳೆ, ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ಮೂಲದಲ್ಲಿ ಅಲ್ಲಿ ಮಾತೇ ಇಲ್ಲ, ಬರೀ ಉಸಿರು. ಆದರೆ ನಮ್ಮಲ್ಲಿ ತೆರೆದ ಬಾಯಿಯನ್ನು ಖಾಲಿ ಬಿಡುವ ಪದ್ಧತಿಯಿಲ್ಲ. ಧ್ವನಿ ಕೈಕೊಟ್ಟಿತು ಅಂತ ಜನ ತಿಳಿದುಕೊಳ್ಳುತ್ತಾರಂತೆ. ಅದಕ್ಕೆ ಏನಾದರೂ ತುರುಕುತ್ತೇವೆ. ಇಷ್ಟು ವರ್ಷ ತುರುಕಿದವಳೂ ನಾನೇ. ಇವತ್ತು ಯಾಕೋ ಕೈ ಏಳಲಿಲ್ಲ. ಹಾಳೆಯಲ್ಲಿ ಖಾಲಿ ಜಾಗ ಬಿಟ್ಟೆ.

ಸ್ಟುಡಿಯೋದ ಯಜಮಾನರು ಗಾಜಿನ ಆಚೆಯಿಂದ ಕೂಗಿದರು. "ಬಾಯಿ ತೆರೆದಿದೆ, ಮಾತೆಲ್ಲಮ್ಮ?"

"ಅವಳು ಹೇಳೋಕೆ ಹೊರಟವಳು ಮಾತು ನುಂಗ್ಕೊಂಡ್ಲು ಸಾರ್. ಮೂಲದಲ್ಲೂ ಇಲ್ಲ."

"ಮೂಲ ಯಾರು ನೋಡ್ತಾರೆ? ಅಯ್ಯೋ ದೇವರೇ ಅಂತ ಹಾಕಿ."

ಅವರ ಪ್ರಕಾರ 'ಅಯ್ಯೋ ದೇವರೇ' ಎಂಬುದು ಎಲ್ಲ ಬಾಯಿಗೂ ಹೊಂದುತ್ತದೆ. ನಾನು ಹಾಕುವುದಿಲ್ಲ ಅಂದೆ. ಧ್ವನಿ ಕೊಡುವ ಹಿರಿಯಮ್ಮ ಮೈಕಿನ ಮುಂದೆ ಮಜಾ ನೋಡುತ್ತ ಕೂತಿದ್ದರು. ಕೊನೆಗೆ ಯಜಮಾನರೇ ಪೆನ್ನು ಹಿಡಿದು ಬರೆದರು. ಹಿರಿಯಮ್ಮ ಅದನ್ನು ಓದಿದರು. ತಾಯಿಯ ಬಾಯಿಂದ ದೇವರು ಬಂದ, ತುಟಿಗೆ ಸರಿಯಾಗಿ ಕೂತ. ದೃಶ್ಯ ಸತ್ತುಹೋಯಿತು. ಅದು ಸತ್ತದ್ದು ಆ ಕೋಣೆಯಲ್ಲಿ ನನಗೆ ಮತ್ತು ಹಿರಿಯಮ್ಮನಿಗೆ ಮಾತ್ರ ಗೊತ್ತಾಯಿತು. ಇನ್ನು ಮೇಲೆ ಖಾಲಿ ಇದ್ದಲ್ಲಿ ಖಾಲಿಯೇ ಬಿಡುತ್ತೇನೆ. ದಿನವೂ ಜಗಳವಾಗಲಿ.

ಮಾರ್ಚ್ ೨೫, ಮಂಗಳವಾರ

ಒಂದು ಪ್ರಯೋಗ ಮಾಡಿದೆ. ಡಾಕ್ಟರಮ್ಮ ಹೇಳಿದರೆಂದಲ್ಲ, ಕತೆಗಾಗಿ. ಮಾತು ಬಾರದ ಮುದುಕನೊಬ್ಬ ನನ್ನ ಹೊಸ ಕತೆಗೆ ಬಂದು ಕೂತಿದ್ದಾನೆ. ಅವನು ಹೇಗೆ ಮಾತಾಡುತ್ತಾನೆಂದು ತಿಳಿಯಲು ಮನೆಯಲ್ಲೇ ಒಬ್ಬರಿದ್ದಾರಲ್ಲ.

ಬೆಳಗ್ಗೆ ಎಂದಿನಂತೆ ರೇಡಿಯೋ ಹಾಕಿ, ಏನು ಕೊಡಲಿ ಎಂದು ಅಪ್ಪನನ್ನು ಕೇಳಿ ಎದುರಿಗೆ ಕೂತೆ. ಬಾಯಿಗೆ ಬೀಗ. ಅಪ್ಪನ ತುಟಿ ಅಲ್ಲಾಡಿತು. ಚಹಾ ಎಂದು ನಾಲಿಗೆಯ ತುದಿಗೆ ಬಂತು, ಕಚ್ಚಿ ಹಿಡಿದೆ. ಅಪ್ಪನ ಮುಖ ಕೆಂಪಾಯಿತು. ಒಂದು ಬೈಗುಳ ಬಂತು. ಆಮೇಲೆ ಸುಮ್ಮನಾದರು. ನಾನೂ ಏಳಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು, ಆಗಲೂ ಏಳಲಿಲ್ಲ. ಅಪ್ಪ ನನ್ನನ್ನೇ ದಿಟ್ಟಿಸಿ ನೋಡಿದರು, ಇವಳಿಗೇನಾಯಿತು ಎಂಬಂತೆ.

"ರೇ...ಡಿಯೋ" ಅಂದರು ಕೊನೆಗೆ. ಮತ್ತೆ ಹುಡುಕಿದರು. "ಆರ್ಸು."

ಆಸ್ಪತ್ರೆಯಿಂದ ಬಂದಾಗಿನಿಂದ ಪ್ರತಿ ಬೆಳಗ್ಗೆ ಅದನ್ನು ಹಾಕುತ್ತಿದ್ದೇನೆ. ಅಪ್ಪ ತುಟಿ ಅಲ್ಲಾಡಿಸಿದಾಗಲೆಲ್ಲ ಹಾಡಿನ ಜೊತೆ ಗುನುಗುತ್ತಿದ್ದಾರೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ! ಆರಿಸಿದೆ. ಅಪ್ಪ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಜೀವಮಾನವಿಡೀ ಕ್ರೇನಿನ ಎತ್ತರದ ಕ್ಯಾಬಿನ್ನಿನಲ್ಲಿ ಒಬ್ಬರೇ ಕೂತಿದ್ದವರು, ಸದ್ದು ಹಿಡಿಸುವುದಿಲ್ಲ ಎಂದು ನನಗೆ ಹೊಳೆಯಬೇಕಿತ್ತು.

ಕತೆಗೆ ಒಳ್ಳೆಯ ವಿವರ. ಅಷ್ಟೇ.

ಮಾರ್ಚ್ ೩೦, ಭಾನುವಾರ

ಅಣ್ಣ ಶನಿವಾರ ಬರುತ್ತಾನಂತೆ. ಅಪ್ಪನ ಬಾಯಿಂದಲೇ ಕೇಳಿ ತೀರ್ಮಾನಿಸುತ್ತಾನಂತೆ. ಕೇಳಲಿ. ಬರಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಸಿಕೊಂಡು ಹೋಗಲಿ.

ಈ ವಾರ ಅಪ್ಪ ತಾವಾಗಿ ಹೇಳಿದ್ದು: ಕಿಟಕಿ. ಉಪ್ಪು. ಕ್ಷೌರ. ಬೇಡ. ಬೇಡ ಎಂಬುದು ಬಹಳ ಸಲ.

ಏಪ್ರಿಲ್ ೫, ಶನಿವಾರ

ಎಲ್ಲವನ್ನೂ ನಡೆದ ಹಾಗೆಯೇ ಬರೆದಿಡುತ್ತೇನೆ.

ಅಣ್ಣ ಅಪ್ಪನ ಮುಂದೆ ಸ್ಟೂಲು ಎಳೆದುಕೊಂಡು ಕೂತ. ಅವನ ಕಷ್ಟವೂ ನನಗೆ ಕಾಣುತ್ತದೆ, ಹಿರಿಯ ಮಗ, ದೂರದಲ್ಲಿದ್ದಾನೆ. "ಅಪ್ಪಾ, ನಮ್ಮನೆಗೆ ಬರ್ತೀರಾ? ಇಲ್ಲೇ ಇರ್ತೀರಾ?" ಎಂದು ಬಿಡಿಸಿ ಕೇಳಿದ. ಆಮೇಲೆ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದ. ಅವರನ್ನೇ ಕೇಳು ಅಂದೆ. ನನಗೆ ಧೈರ್ಯವಿತ್ತು.

ಅಪ್ಪ ಶುರುಮಾಡಿದರು. ತುಟಿ ಸೇರಿತು, ಬಿಟ್ಟಿತು, ಮತ್ತೆ ಸೇರಿತು. ಅದಕ್ಕೆ ಕೂರುವ ವಾಕ್ಯ ನನ್ನ ಬಳಿ ಸಿದ್ಧವಾಗಿತ್ತು. ಮಗಳನ್ನ ಬಿಟ್ಟು ಬರೋದಿಲ್ಲಪ್ಪ. ಎಲ್ಲ ಅಕ್ಷರವೂ ಸರಿಯಾಗಿ ಬೀಳುತ್ತಿತ್ತು. ಹೇಳಿದ್ದರೆ ಅಣ್ಣ ನಂಬುತ್ತಿದ್ದ, ಅಪ್ಪನೂ ಸುಸ್ತಾಗಿ ಒಪ್ಪಿಕೊಂಡುಬಿಡುತ್ತಿದ್ದರೇನೋ. ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ. ಕತೆಗೆ ಬೇಕಾಗುತ್ತದೆ ಎಂದಿರಬೇಕು.

"ಹೋಗ್... ಹೋಗ್ತೀನಿ" ಅಂದರು ಅಪ್ಪ.

ಅಣ್ಣ ನನ್ನ ಮುಖ ನೋಡಿದ. ಇಷ್ಟು ದಿನ ಎಲ್ಲೂ ಬರಲ್ಲ ಅಂತಿದ್ದಾರೆ ಎಂದವಳು ನಾನಲ್ಲವೇ. ಅಪ್ಪ ಇನ್ನೂ ಮುಗಿಸಿರಲಿಲ್ಲ. ಎಡಗೈ ಎತ್ತಿ ನನ್ನ ಕಡೆ ತೋರಿಸಿದರು. ಬಹಳ ಹೊತ್ತು ಹುಡುಕಿದರು.

"ಇಲ್ಲಿ... ಇವಳೇ... ಮಾತಾಡ್ತಾಳೆ."

ಅಣ್ಣ ತಕ್ಷಣ, ಪಾಪ ಇವಳಿಗೆ ಭಾರವಾಗಬಾರದು ಅಂತ ಅವರ ಮನಸ್ಸಲ್ಲಿ, ಎಂದು ಅರ್ಥ ಕಟ್ಟಿದ. ಒಳ್ಳೆಯವನು. ಆದರೆ ಅಪ್ಪ ಹಾಗೆ ಹೇಳಲಿಲ್ಲ. ಏನು ಹೇಳಿದರೋ ಅದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಏಪ್ರಿಲ್ ೮, ಮಂಗಳವಾರ

ಅಣ್ಣನ ಕಾರು ಹತ್ತಿ ಹೋದರು.

ಏಪ್ರಿಲ್ ೧೩, ಭಾನುವಾರ

ಅಪ್ಪನ ಕೋಣೆ ಗುಡಿಸಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು. ಬಚ್ಚಲಿಗೆ ಕೈಹಿಡಿದು ಕರೆದೊಯ್ದವಳು ನಾನು, ಉಗುರು ಕತ್ತರಿಸಿದವಳು ನಾನು, ನಾಲ್ಕು ಮಾತು ಹೆಚ್ಚು ಆಡಿದ್ದೇ ಅಪರಾಧವಾಯಿತು!

ಸಿಟ್ಟಿನಲ್ಲೇ ಕತೆ ಬರೆಯಲು ಕೂತೆ.

ಏಪ್ರಿಲ್ ೨೭, ಭಾನುವಾರ

ಕತೆ ಮುಗಿಯಿತು. ಮೊದಲು ಬರೆದಾಗ ಮುದುಕನನ್ನು ಕೃತಘ್ನನನ್ನಾಗಿ ಮಾಡಿದ್ದೆ. ಓದಿ ನೋಡಿದರೆ ಮುದುಕ ಎಲ್ಲೂ ಇರಲಿಲ್ಲ, ಅವನ ಬಾಯಲ್ಲಿ ನಾನೇ ನನ್ನ ಪರ ವಾದ ಮಾಡುತ್ತಿದ್ದೆ. ಹರಿದು ಹಾಕಿದೆ. ಎರಡನೇ ಸಲ ಅವನನ್ನು ಕುರ್ಚಿಯಲ್ಲಿ ಕೂರಿಸಿ ಕಾದೆ. ಹೊಸ ಕಾಯುವಿಕೆ ಇದು, ಏನೂ ಬರೆಯದೆ ಪೆನ್ನು ಹಿಡಿದು ಕೂರುವುದು. ಕೆಲವು ಸಂಜೆ ಅವನು ಒಂದು ಪದವನ್ನೂ ಕೊಡಲಿಲ್ಲ. ಕೊಟ್ಟ ದಿನ ಆ ಒಂದು ಪದಕ್ಕೆ ನಾನು ಏನನ್ನೂ ಸೇರಿಸಲಿಲ್ಲ.

ಕೊನೆಯ ಸಾಲು ಅಪ್ಪನದೇ. ಇಲ್ಲಿ ಇವಳೇ ಮಾತಾಡ್ತಾಳೆ. ಅಲ್ಲಿಗೆ ಕತೆ ನಿಂತಿದೆ.

ಮೇ ೯, ಶುಕ್ರವಾರ

ಸಂಪಾದಕರ ಫೋನು. ಈ ಸಲ ದನಿಯಲ್ಲಿ ಮರ್ಯಾದೆ ಇತ್ತು. ಇದು ನೀವು ಬರೆದದ್ದೇನಾ ಎಂದು ಕೇಳಿದರು. ವಿಶೇಷ ಸಂಚಿಕೆಯ ಮೊದಲ ಕತೆ ಇದೇ ಆಗಬೇಕು, ಒಂದು ಸಣ್ಣ ಬದಲಾವಣೆ ಸಾಕು ಅಂದರು. ಕೊನೆಯಲ್ಲಿ ಅಪ್ಪ ಕಾರು ಹತ್ತುವಾಗ ಹಿಂತಿರುಗಿ ನೋಡಿ ಮಗಳಿಗೊಂದು ಮಾತು ಹೇಳಲಿ. ಪ್ರೀತಿಯದು. ಇಲ್ಲದಿದ್ದರೆ ಓದುಗರು ಬೇಸರದಿಂದ ಪುಟ ಮುಚ್ಚುತ್ತಾರೆ.

ಅಂಥ ಮಾತು ನಾನು ನಿದ್ದೆಗಣ್ಣಲ್ಲೂ ಬರೆಯಬಲ್ಲೆ. ಫೋನಿನಲ್ಲಿ ಮಾತಾಡುತ್ತಿರುವಾಗಲೇ ಒಂದಲ್ಲ, ಐದಾರು ಹೊಳೆದವು.

"ಅವರು ಹಾಗೆ ಹೇಳಲಿಲ್ಲ ಸಾರ್" ಅಂದೆ.

"ಕತೆ ತಾನೇ? ಹೇಳಿಸಿ."

"ಹೇಳಿಸಲ್ಲ. ಹೇಳ್ಸಿ ಹೇಳ್ಸಿ ಸಾಕಾಗಿದೆ."

ವಿಶೇಷ ಸಂಚಿಕೆಯಲ್ಲಿ ಜಾಗ ಸಿಗುವುದು ಕಷ್ಟವಾಗಬಹುದು ಎಂದು ಎಚ್ಚರಿಸಿದರು. ಸಿಗದಿದ್ದರೆ ಬೇಡ. ತಡವರಿಸುವ ಜನ ಬೇಕು ಎಂದವರು ಅವರೇ, ತಡವರಿಸಿದವನು ಖಾರವಾಗಿ ಮಾತಾಡಿದರೆ ಮಾತ್ರ ಸಿಹಿ ಬೆರೆಸಬೇಕೇ? ಇದನ್ನೂ ಹೇಳಿಯೇ ಫೋನಿಟ್ಟೆ. ಎಷ್ಟು ವರ್ಷದಿಂದ ಕಾದ ಜಾಗವದು.

ಜೂನ್ ೬, ಶುಕ್ರವಾರ

ವಿಶೇಷ ಸಂಚಿಕೆ ಬಂತು, ನನ್ನದಿಲ್ಲ. ಈ ವಾರದ ಮಾಮೂಲಿ ಸಂಚಿಕೆಯ ಹಿಂದಿನ ಪುಟಗಳಲ್ಲಿ, ಸೊಂಟನೋವಿನ ಎಣ್ಣೆಯ ಜಾಹೀರಾತಿನ ಪಕ್ಕದಲ್ಲಿ, ಚಿಕ್ಕ ಅಕ್ಷರದಲ್ಲಿ ಹಾಕಿದ್ದಾರೆ. ಒಂದಕ್ಷರ ಬದಲಾಯಿಸಿಲ್ಲ. ಗೆದ್ದೆ.

ಜೂನ್ ೮, ಭಾನುವಾರ

ಅಣ್ಣನ ಮನೆಗೆ ಹೋಗಿ ಬಂದೆ. ಅಪ್ಪ ಹೋದಮೇಲೆ ಮೊದಲ ಸಲ. ಫೋನಿನಲ್ಲಿ ಅಣ್ಣನೇ ಎಲ್ಲ ಹೇಳುತ್ತಿದ್ದ, ಅಪ್ಪ ಆರಾಮ ಅಂತಿದ್ದಾರೆ, ಅಪ್ಪ ನಿನ್ನ ಕೇಳಿದರು, ಎಂದು. ಹೋಗಿ ನೋಡಿದರೆ ಅಪ್ಪ ಅಂಗಳದ ಕುರ್ಚಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಮೈಗೆ ಹತ್ತಿದೆ. ನನ್ನನ್ನು ನೋಡಿ ತುಟಿ ಅಲ್ಲಾಡಿಸಿದ್ದೇ ತಡ, ಅಣ್ಣ ಅಡುಗೆಮನೆಯಿಂದಲೇ, "ಯಾಕಿಷ್ಟು ತಡ ಮಾಡಿದೆ ಅಂತಿದ್ದಾರೆ" ಎಂದು ಕೂಗಿದ.

"ಸುಮ್ನಿರಣ್ಣ. ಅವರು ಹೇಳ್ಲಿ" ಅಂದೆ.

ಅವನಿಗೆ ಅವಮಾನವಾಯಿತು. ಆದರೂ ಬಂದು ಪಕ್ಕದಲ್ಲಿ ಕೂತ. ಅಪ್ಪ ಅವನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ಏನು ಹೇಳಲು ಹೊರಟಿದ್ದರೋ ಅದನ್ನು ಕೈಬಿಟ್ಟು ನನ್ನ ಕೈಯಲ್ಲಿದ್ದ ಪತ್ರಿಕೆ ತೋರಿಸಿದರು. ಕತೆ ಓದಿ ಹೇಳಿದೆ. ದನಿ ಏರಿಸಲಿಲ್ಲ, ಮುದುಕ ನಿಂತಲ್ಲೆಲ್ಲ ನಿಂತೆ. ಕೊನೆಯ ಸಾಲು ಬಂತು. ಅವರು ಹೇಳಿದ್ದನ್ನು ಅವರ ಮುಖಕ್ಕೇ ಓದಬೇಕಲ್ಲ. ಓದಿದೆ.

ಅಪ್ಪ ಪತ್ರಿಕೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಆ ಸಾಲಿನ ಮೇಲೆ ಬೆರಳಿಟ್ಟು, "ಇದು... ನಂದು" ಅಂದರು.

"ಪತ್ರಿಕೆ ಅವರಿಗೇ ಬೇಕಂತೆ, ಬಿಟ್ಟು ಹೋಗು" ಅಂದ ಅಣ್ಣ. ನನಗೂ ಒಂದು ಅರ್ಥ ಹೊಳೆದಿತ್ತು. ಹೇಳಲಿಲ್ಲ.

ಹೊರಡುವ ಮೊದಲು ಅವರ ಎದುರಿಗೆ ಮಂಡಿಯೂರಿ ಕೂತು ಕೇಳಿಯೇಬಿಟ್ಟೆ. ನನಗೆ ಅಪ್ಪ ಬೇಕು, ಅದನ್ನು ಮುಚ್ಚಿಡುವುದೇನು. "ಮನೆಗೆ ಬರ್ತೀರಾ ಅಪ್ಪಾ?" ಅಂದೆ. ಅಣ್ಣ ಬಾಯಿ ತೆರೆದ, ನನ್ನ ಕಣ್ಣು ನೋಡಿ ಮುಚ್ಚಿದ. ಅತ್ತಿಗೆ ಚಹಾ ತಂದಿಟ್ಟು ಹೋದಳು. ಯಾರೂ ಮುಟ್ಟಲಿಲ್ಲ. ಅಪ್ಪನ ತುಟಿ ಅಲ್ಲಾಡಲೇ ಇಲ್ಲ. ಈ ಸಲ ಅವರು ಪದ ಹುಡುಕುತ್ತಿರಲಿಲ್ಲ, ಯೋಚಿಸುತ್ತಿದ್ದರು. ನನ್ನ ಬಳಿಯೂ ಯಾವ ವಾಕ್ಯವೂ ಸಿದ್ಧವಿರಲಿಲ್ಲ. ಇಲ್ಲ ಅಂದಿದ್ದರೆ ಅಲ್ಲೇ ಅಳುತ್ತಿದ್ದೆ.

"ನೋಡೋಣ" ಅಂದರು ಅಪ್ಪ. ಒಂದೇ ಉಸಿರಿಗೆ, ಎಲ್ಲೂ ತಡವರಿಸದೆ.

ಮುಂದಿನ ಭಾನುವಾರ ಮತ್ತೆ ಹೋಗಿ ಕೇಳುತ್ತೇನೆ.